ಗಂಗರ ಕಾಲ ಮುಗಿದ ಮಾರನೇ ದಿನ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ನಂದಿಯ ಭೋಗನಂದೀಶ್ವರ ಗುಡಿಯ ಫೋಟೊ ಕೆಳಗೆ ‘ಚೋಳರ ಕಾಲದ ದೇವಾಲಯ’ ಅಂತ ಹಾಕಿದ್ದೀರಿ. ನಾನು ಕ್ಲಾಸಲ್ಲಿ ನೊಳಂಬರದ್ದು ಅಂದಿದ್ದೆ. ಪ್ರವಾಸಕ್ಕೆ ಹೋದಾಗ ಅಲ್ಲೊಬ್ಬರು ವಿಜಯನಗರದ್ದು ಅಂದರು. ಮಕ್ಕಳು ನನ್ನ ಮುಖ ನೋಡಿದರು. ಒಬ್ಬ ಹುಡುಗನಂತೂ, ‘ಸಾರ್, ಗಂಗರ ಕಾಲ ಮುಗಿದ ಮಾರನೇ ದಿನ ನಮ್ಮೂರಲ್ಲಿ ಏನಾಯ್ತು?’ ಅಂದ. ಏನು ಹೇಳಲಿ?
(ಪ್ರೌಢಶಾಲಾ ಶಿಕ್ಷಕರು, ಶ್ರೀನಿವಾಸಪುರ ತಾಲ್ಲೂಕು)

ಸಂಪಾದಕರ ಉತ್ತರ:

ಮೇಷ್ಟ್ರೇ, ಫೋಟೊ ಕೆಳಗಿನ ಆ ಸಾಲು ಬರೆದಿದ್ದು ನಾನೇ. ಜಾಗ ಇದ್ದಿದ್ದು ಮೂರು ಪದಕ್ಕೆ. ಮೂರೇ ಪದ ಬರೆದು ಸಿಕ್ಕಿಹಾಕಿಕೊಂಡೆ.

ಆದರೆ ಮೂವರಲ್ಲಿ ಯಾರೂ ಪೂರ್ತಿ ಸುಳ್ಳು ಹೇಳಿಲ್ಲ. ಗುಡಿ ಶುರುವಾಗಿದ್ದು 9ನೇ ಶತಮಾನದಲ್ಲಿ, ಈ ಸೀಮೆಯಲ್ಲಿ ಬಾಣರು, ನೊಳಂಬರು ಇದ್ದಾಗ. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಸೇರಿಸುತ್ತಾ ಹೋದರು. ನಮ್ಮ ಹಳ್ಳಿ ಮನೆಗಳ ಹಾಗೆ. ತಾತ ಕಟ್ಟಿದ ನಡುಮನೆ, ಅಪ್ಪ ಹಾಕಿಸಿದ ಶೀಟು, ಮಗ ಎತ್ತಿದ ಮಹಡಿ. ಮನೆ ಯಾರ ಕಾಲದ್ದು ಅಂದರೆ ಯಾವ ಗೋಡೆ ಅಂತ ಕೇಳಬೇಕಾಗುತ್ತೆ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ ನೀವೂ ಹಾಗೇ ಕೇಳಿ.

ಇನ್ನು ಆ ಹುಡುಗ. ಅವನ ಪ್ರಶ್ನೆ ನನಗೆ ಬಹಳ ಹಿಡಿಸಿತು. ಗಂಗರ ಕಾಲ ಮುಗಿಯಿತು ಅಂತ ನಾವು ಎಳೆಯುವ ಗೆರೆ 1004. ಅದು ಚೋಳರು ತಲಕಾಡು ಹಿಡಿದ ವರ್ಷ. ತಲಕಾಡಿಗೂ ನಮಗೂ ಏನು ಸಂಬಂಧ? ಗಂಗರ ಮೊದಲ ರಾಜಧಾನಿ ಕುವಲಾಲ, ಅಂದರೆ ನಮ್ಮ ಕೋಲಾರವೇ. ಸುಮಾರು 350ರಲ್ಲಿ ಇಲ್ಲಿ ಶುರುಮಾಡಿ ಆಮೇಲೆ ತಲಕಾಡಿಗೆ ಹೋದವರು ಅವರು. 10ನೇ ಶತಮಾನದ ಹೊತ್ತಿಗೆ ನಮ್ಮ ಆವಣಿಯಲ್ಲಿ ನೊಳಂಬರ ಗುಡಿಗಳು ಎದ್ದಿದ್ದವು. ರಾಜಧಾನಿ ಬಿದ್ದ ವರ್ಷವನ್ನು ಇಡೀ ನಾಡಿಗೆ ಅಂಟಿಸಿದರೆ ಹೀಗೇ ಆಗೋದು.

ಹಾಗಂತ ಏನೂ ಬದಲಾಗಲಿಲ್ಲ ಅನ್ನೋ ಹಾಗೂ ಇಲ್ಲ. ಕೋಲಾರಮ್ಮನ ಗುಡಿ ಗೋಡೆ ನೋಡಿ. ಚೋಳರ ಶಾಸನಗಳು ತಮಿಳಲ್ಲಿವೆ. ದೊರೆಯ ಹೆಸರು, ಬರವಣಿಗೆಯ ಭಾಷೆ ಬದಲಾಯಿತು. ಆದರೆ ದೇವರಿಗೆ ಜಮೀನು, ದೀಪಕ್ಕೆ ಎಣ್ಣೆ ಬಿಡುವ ವಿಷಯ ಹಳೆಯ ಶಾಸನಗಳಲ್ಲೂ ಇತ್ತು, ಇವುಗಳಲ್ಲೂ ಇದೆ. ‘ಕೋಲಾರದಲ್ಲಿ ತಮಿಳು ಯಾಕೆ ಸಾರ್’ ಅಂತ ಮಕ್ಕಳು ಕೇಳಿದರೆ, ಇವತ್ತಿನ ಗಡಿ ಆಗ ಇರಲಿಲ್ಲ ಅನ್ನಿ. ಆದರೆ ಹೊಯ್ಸಳ ದೊರೆ ವಿಷ್ಣುವರ್ಧನ ತನ್ನ ರಾಜ್ಯದ ಪೂರ್ವದ ಎಲ್ಲೆ ಅಂತ ಹೇಳಿಕೊಂಡಿದ್ದು ನಂಗಲಿಯನ್ನು. ಮುಳಬಾಗಿಲು ದಾಟಿ ಆಂಧ್ರದ ಕಡೆ ಹೋಗುವಾಗ ಸಿಗುತ್ತಲ್ಲ, ಅದೇ ನಂಗಲಿ!

ಹಿಂದೂ ಕಾಲ, ಮುಸ್ಲಿಂ ಕಾಲ, ಬ್ರಿಟಿಷ್ ಕಾಲ ಅನ್ನೋ ಹಳೇ ಲೆಕ್ಕವನ್ನು ಮಾತ್ರ ಕೈಬಿಡಿ. 1817ರಲ್ಲಿ ಭಾರತದ ಇತಿಹಾಸ ಬರೆದು ಅದಕ್ಕೆ ದಾರಿ ಹಾಕಿಕೊಟ್ಟ ಬ್ರಿಟಿಷ್ ಲೇಖಕ ಜೇಮ್ಸ್ ಮಿಲ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಮೊದಲೆರಡಕ್ಕೆ ಧರ್ಮದ ಹೆಸರು, ಮೂರನೆಯದಕ್ಕೆ ದೇಶದ ಹೆಸರು. ಯಾಕೆ ಹೀಗೆ ಅಂತ ಹತ್ತನೇ ಕ್ಲಾಸಿನ ಮಕ್ಕಳನ್ನೇ ಕೇಳಿ, ಹೇಳ್ತಾರೆ.

ಒಂದು ಕೆಲಸ ಮಾಡಿ ನೋಡಿ. ಕ್ಲಾಸಿನ ಗೋಡೆಗೆ ಮೂರು ದಾರ ಕಟ್ಟಿಸಿ. ಒಂದು ದೊರೆಗಳದ್ದು, ಒಂದು ನೀರಿನದ್ದು, ಒಂದು ಚಿನ್ನದ್ದು. ಎಲ್ಲಿ ಗಂಟು ಹಾಕಬೇಕು ಅಂತ ಮಕ್ಕಳೇ ಜಗಳ ಆಡಲಿ. ಮೊದಲ ದಾರದಲ್ಲಿ 1947ಕ್ಕೆ ದೊಡ್ಡ ಗಂಟು ಬೀಳುತ್ತೆ. ಚಿನ್ನದ ದಾರದಲ್ಲಿ ಆ ವರ್ಷ ಹೆಚ್ಚೇನೂ ಆಗಲ್ಲ. ಕೆಜಿಎಫ್‌ಗೆ ಶಿವನಸಮುದ್ರದ ಕರೆಂಟು ಬಂದಿದ್ದು 1902ರಲ್ಲಿ, ಗಣಿಗಳನ್ನು ಮೈಸೂರು ಸರ್ಕಾರ ವಹಿಸಿಕೊಂಡಿದ್ದು 1956ರಲ್ಲಿ, ಗಣಿ ಮುಚ್ಚಿದ್ದು 2001ರಲ್ಲಿ. ಗಂಟುಗಳು ಅಲ್ಲಿ. ನೀರಿನ ದಾರಕ್ಕೆ ಅಜ್ಜ ಅಜ್ಜಿಯರನ್ನು ಕೇಳಬೇಕು. ಕೆರೆ, ಕಪಿಲೆ ಬಾವಿ, ಪಂಪ್‌ಸೆಟ್ಟು, ಬೋರ್‌ವೆಲ್ಲು, ಕೊನೆಗೆ 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ನೀರು. ನಿಮ್ಮೂರ ಬಾವಿ ಯಾವ ವರ್ಷ ಬತ್ತಿತು ಅಂತ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಪರೀಕ್ಷೆಗೆ ಪುಸ್ತಕದಲ್ಲಿರುವ ಇಸವಿಯನ್ನೇ ಬರೆಯಲಿ, ಮಾರ್ಕ್ಸ್ ಕಳೆದುಕೊಳ್ಳೋದು ಬೇಡ.

ನಂದಿಯ ಫೋಟೊವನ್ನು ಮುಂದಿನ ಸಂಚಿಕೆಯಲ್ಲಿ ಮತ್ತೆ ಹಾಕುತ್ತೇವೆ. ಈ ಸಲ ಕೆಳಗೆ ಐದು ಸಾಲು ಜಾಗ ಬಿಡಿಸಿದ್ದೇನೆ. ಆ ಹುಡುಗನ ಕೈಲೇ ಬರೆಸಿ ಕಳಿಸ್ತೀರಾ?