ಮನೇಲಿ ಕೂತು ಸಂಬಳ ತಗೊಂಡ ಟೀಚರ್

ಗುರುತು ಸಿಗಬಾರದೆಂದು ಈ ಪ್ರಕರಣದಲ್ಲಿ ಊರು, ಮನೆಯ ವಿವರ ಬದಲಿಸಿದ್ದೇನೆ. ಹೆಸರು ಬೇಡ, ಟೀಚರ್ ಅಂತಲೇ ಕರೆಯುತ್ತೇನೆ. ದಕ್ಷಿಣ ಕೊಡಗಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ನಲವತ್ತು ದಾಟಿದ ವಯಸ್ಸು. 2023ರ ಶುರುವಿನಲ್ಲಿ ನಿದ್ದೆ ಬರುವುದಿಲ್ಲ ಎಂದು ನನ್ನ ಬಳಿ ಸಲಹೆಗೆ ಬಂದರು.

ರಾತ್ರಿ ಎರಡಕ್ಕೆ ಎಚ್ಚರವಾಗುತ್ತಿತ್ತು. ಕೂಡಲೇ ಕೈ ಫೋನಿಗೆ ಹೋಗುತ್ತಿತ್ತು. ವಾಟ್ಸಾಪ್ ಸದ್ದಾದರೆ ಎದೆ ಬಿಗಿಯುತ್ತಿತ್ತು. ಮಗನ ಮೇಲೆ ಸುಮ್ನೆ ಸಿಡುಕು. "ಕೊರೊನಾ ಟೈಮಲ್ಲಿ ಗಟ್ಟಿಯಾಗೇ ಇದ್ದೆ ಮೇಡಂ. ಎಲ್ಲ ಮುಗಿದ ಮೇಲೆ ಯಾಕೆ ಹೀಗೆ?" ಎಂದು ಕೇಳಿದರು.

ಇದು ಅಪರೂಪವೇನಲ್ಲ. ತುರ್ತಿನಲ್ಲಿರುವಾಗ ಮನಸ್ಸು ಸುಸ್ತನ್ನು ಮುಂದಕ್ಕೆ ಹಾಕುತ್ತದೆ. ಆಮೇಲೆ ಯಾವುದೋ ಒಂದು ಮಾತು ಸಾಕು. ಟೀಚರ್‌ಗೆ ಆ ಮಾತು ಸಿಕ್ಕಿದ್ದು ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ನೆಂಟರೆಲ್ಲ ಸೇರಿದ್ದಾಗ. "ನಿಮಗೇನು, ಎರಡು ವರ್ಷ ಮನೇಲಿ ಕೂತು ಸಂಬಳ ತಗೊಂಡ್ರಿ" ಎಂದು ಗಂಡನ ಕಡೆಯವರೊಬ್ಬರು ನಕ್ಕರಂತೆ. ಎಲ್ಲರೂ ನಕ್ಕರು. ಇವರೂ ನಕ್ಕರು. ಅದೇ ಹೊತ್ತಿಗೆ ಶಾಲೆಯಲ್ಲಿ, ಕೊರೊನಾದಲ್ಲಿ ತಪ್ಪಿದ ಪಾಠ ತುಂಬಿಸುವ ಸರ್ಕಾರದ ಕಾರ್ಯಕ್ರಮ ಕಲಿಕಾ ಚೇತರಿಕೆ ನಡೆಯುತ್ತಿತ್ತು. ಐದನೇ ತರಗತಿಯ ಮಕ್ಕಳು ಒತ್ತಕ್ಷರ ಬಂದರೆ ತಡವರಿಸುತ್ತಿದ್ದರು. ನೆಂಟರ ಮಾತು ನಿಜವೇ ಇರಬೇಕು ಅಂತ ಟೀಚರ್‌ಗೆ ಅನ್ನಿಸತೊಡಗಿತು.

ಶಾಲೆ ಮುಚ್ಚಿದ್ದಾಗ ಏನೇನು ಕೆಲಸ ಮಾಡಿದಿರಿ ಎಂದು ಕೇಳಿದೆ. "ಎಲ್ಲರೂ ಮಾಡಿದ್ದೇ. ಫೋನಲ್ಲಿ ಪಾಠ ಕಳಿಸ್ತಿದ್ದೆ." ಅದಕ್ಕಿಂತ ಜಾಸ್ತಿ ನೆನಪೇ ಬರಲಿಲ್ಲ. ಆದರೆ ಅವರ ಫೋನಿನಲ್ಲಿ ಹಳೆಯ ಫೋಟೊಗಳಿದ್ದವು. ಪ್ರತಿ ಕೆಲಸಕ್ಕೂ ಫೋಟೊ ತೆಗೆದು ಮೇಲಿನವರಿಗೆ ಕಳಿಸಬೇಕಿತ್ತಲ್ಲ, ಅವು. ಆ ಹಿಂಸೆಯನ್ನು ಬೈದುಕೊಂಡೇ ಒಂದೊಂದಾಗಿ ತೋರಿಸಿದರು. ತಿಂಗಳುಗಳು ಬಾಯಿ ಬಿಡತೊಡಗಿದ್ದು ಆಗಲೇ.

ಅವರ ತರಗತಿಯ ಅರ್ಧದಷ್ಟು ಮಕ್ಕಳು ಲೈನ್‌ಮನೆಯವರು, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳವರು, ಕೆಲವರು ಆದಿವಾಸಿ ಹಾಡಿಯವರು. ಮನೆಗೊಂದೇ ಫೋನ್, ಅದೂ ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗುತ್ತಿತ್ತು. ಹಾಗಾಗಿ ಪಾಠ ಶುರುವಾಗುತ್ತಿದ್ದುದೇ ರಾತ್ರಿ ಏಳರ ಮೇಲೆ. ಫೋನೇ ಇಲ್ಲದ ಮನೆಗೆ ತೋಟದ ಲೆಕ್ಕ ನೋಡುವ ರೈಟರ್ ಮೂಲಕ ಸುದ್ದಿ ಮುಟ್ಟಿಸಬೇಕು. ಮೂರು ಮನೆಗಳಿಗೆ ರೀಚಾರ್ಜ್ ಇವರ ಕೈಯಿಂದಲೇ. ಚಂದನದಲ್ಲಿ ಪಾಠ ಬರುತ್ತಿತ್ತು ನಿಜ, ಆದರೆ ಕೊಡಗಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಯಾರಿಗೆ ಗೊತ್ತು! ಇವರಿಗೇ ಸಿಗ್ನಲ್ ಸಿಗುತ್ತಿದ್ದುದು ಮನೆಯ ಹಿಂದಿನ ತೋಟದ ದಿಬ್ಬದಲ್ಲಿ. ಕೊಡೆ ಹಿಡಿದು, ಜಿಗಣೆ ಕಿತ್ತುಕೊಳ್ಳುತ್ತಾ ಅಲ್ಲಿ ನಿಂತಿರುತ್ತಿದ್ದರು.

2020ರ ಆಗಸ್ಟ್‌ನಲ್ಲಿ, ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಪಾಠ ಮಾಡುವ ಸರ್ಕಾರದ ಯೋಜನೆ ವಿದ್ಯಾಗಮ ಬಂತು. ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟ ಕುಸಿದದ್ದೂ ಅದೇ ತಿಂಗಳು. ಬಯಲಲ್ಲಿ ಪಾಠ ಎಂದರೆ ಇಲ್ಲಿ ಯಾವ ಬಯಲು? ಲೈನ್‌ಮನೆಯ ಜಗುಲಿ, ಸಮುದಾಯ ಭವನ, ಒಮ್ಮೆ ಖಾಲಿ ಗೋದಾಮು. ಅಕ್ಟೋಬರ್‌ನಲ್ಲಿ ಅದು ನಿಂತಿತು, ಜನವರಿಯಲ್ಲಿ ಮತ್ತೆ ಶುರುವಾಯಿತು. ಜೊತೆಗೆ ಮನೆ ಮನೆ ಸಮೀಕ್ಷೆ, ಕೇರಳ ಗಡಿಯ ಚೆಕ್‌ಪೋಸ್ಟ್‌ನಲ್ಲಿ ಪಾಳಿ, ಬಿಸಿಯೂಟದ ಅಕ್ಕಿ ಬೇಳೆ ಹಂಚಿಕೆ. ಅಕ್ಕಿಯ ಜೊತೆ ಕೈಬರಹದ ಅಭ್ಯಾಸ ಹಾಳೆ ಕೊಟ್ಟು, ಮುಂದಿನ ಸಲ ತಿದ್ದಿ ವಾಪಸ್ ಕೊಡುತ್ತಿದ್ದರು. ಹಾಳೆ ತರುವ ಅಮ್ಮಂದಿರು ಗಂಡನ ಕುಡಿತ, ಸಾಲ, ಕೆಲಸ ಹೋದದ್ದು ಎಲ್ಲವನ್ನೂ ಹೇಳುತ್ತಿದ್ದರು. ಅದನ್ನು ಯಾವ ಎಕ್ಸೆಲ್ ಹಾಳೆಯಲ್ಲೂ ತುಂಬಿಸುವಂತಿರಲಿಲ್ಲ.

ಒಬ್ಬ ಹುಡುಗನ ಫೋಟೊ ಬಂದಾಗ ಮಾತ್ರ ಟೀಚರ್ ಫೋನ್ ಮಡಿಲಲ್ಲಿಟ್ಟರು. ರಾಜ್ಯದಲ್ಲಿ 1ರಿಂದ 5ನೇ ತರಗತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಆ ಮನೆಯವರು ಬೇರೆ ತೋಟಕ್ಕೆ ಹೋಗಿದ್ದರು. ಹುಡುಗ ಕಾಫಿ ಕೊಯ್ಯಲು ಹೋಗುತ್ತಿದ್ದಾನೆ ಅಂತ ಆಮೇಲೆ ಯಾರೋ ಹೇಳಿದರು. ರಾತ್ರಿ ಎರಡು ಗಂಟೆಯ ಎಚ್ಚರದಲ್ಲಿ ಇವರು ಹುಡುಕುತ್ತಿದ್ದುದು ಅವನ ಅಪ್ಪನ ನಂಬರನ್ನು.

ನಾನು ಕೊಟ್ಟ ಸಲಹೆಗೆ ಬರುತ್ತೇನೆ. ಮೊದಲು ರಕ್ತ ಪರೀಕ್ಷೆ, ಥೈರಾಯ್ಡ್, ಬಿಪಿ. ಈ ವಯಸ್ಸಿನ ಹೆಂಗಸರ ನಿದ್ದೆಗೇಡನ್ನೆಲ್ಲ ಮನಸ್ಸಿನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲೂ ಹೀಗಾಗುತ್ತದೆ. ಫೋನ್ ರಾತ್ರಿ ಅಡುಗೆಮನೆಯಲ್ಲಿ ಚಾರ್ಜ್ ಆಗಲಿ, ಏಳಲು ಅಲಾರಂ ಗಡಿಯಾರ ಸಾಕು ಎಂದೆ. ಪೋಷಕರ ಕರೆಗಳಿಗೆ ಸಂಜೆ ಒಂದು ತಾಸು ಗೊತ್ತುಮಾಡಿ, ಅದನ್ನು ಮುಖ್ಯ ಶಿಕ್ಷಕರಿಗೂ ತಿಳಿಸಬೇಕು. "ಜನ ಏನಂತಾರೋ" ಎಂದರು. ಒಂದು ವಾರ ಅನ್ನಲಿ, ಆಮೇಲೆ ರೂಢಿಯಾಗುತ್ತದೆ ಎಂದೆ.

ಆ ಎರಡು ವರ್ಷದ ಕೆಲಸವನ್ನು ತಿಂಗಳಿಗೊಂದು ಪುಟದಂತೆ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದೆ. ಹೊಗಳಿಕೆಯೂ ಬೇಡ, ಪಶ್ಚಾತ್ತಾಪವೂ ಬೇಡ. ಎಲ್ಲಿಗೆ ಹೋದೆ, ಯಾರ ಜೊತೆ ಮಾತಾಡಿದೆ, ಕೈಯಿಂದ ಎಷ್ಟು ಖರ್ಚಾಯಿತು, ಅಷ್ಟೇ. ಶನಿವಾರಸಂತೆ ಕಡೆಯ ಶಿಕ್ಷಕರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ್ದು ಪತ್ರಿಕೆಯಲ್ಲಿ ಬಂತು. ಒಳ್ಳೆಯದೇ ಆಯಿತು. ಆದರೆ ದಿಬ್ಬದಲ್ಲಿ ನಿಂತವರ ಫೋಟೊ ಯಾರೂ ತೆಗೆಯಲಿಲ್ಲ, ಅಲ್ವಾ? ಕೊರೊನಾ ಯೋಧರು ಎಂದು ಚಪ್ಪಾಳೆ ತಟ್ಟಿದ್ದರಿಂದಲೂ ಇಂಥವರಿಗೆ ನಿದ್ದೆ ಬರಲಿಲ್ಲ. ತಾನು ಮಾಡಿದ್ದು ಕೆಲಸ ಎಂದು ತನಗೇ ಕಾಣಬೇಕಿತ್ತು.

ಒತ್ತಕ್ಷರ ಬಾರದ್ದಕ್ಕೆ ಶಾಲೆ ಮುಚ್ಚಿದ್ದು ಕಾರಣ. ಅದನ್ನು ಒಬ್ಬರೇ ಹೊರುವಂತಿಲ್ಲ. ಹುಡುಗನ ವಿಷಯ ಬೇರೆ. ಅಲ್ಲಿ ಸಮಾಧಾನದ ಮಾತಿಗಿಂತ ಒಂದು ಕೆಲಸ ಬೇಕಿತ್ತು. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಿಆರ್‌ಪಿಗೆ ಲಿಖಿತವಾಗಿ ತಿಳಿಸಿ, ಸಹೋದ್ಯೋಗಿಯ ಜೊತೆ ಒಮ್ಮೆ ಆ ತೋಟಕ್ಕೆ ಹೋಗಿಬನ್ನಿ, ಒಬ್ಬರೇ ಬೇಡ ಎಂದೆ. ಹೋಗಿಬಂದರು. ಹುಡುಗ ಸಿಕ್ಕ, ನಕ್ಕ, ಶಾಲೆಗೆ ಮಾತ್ರ ಬಂದಿಲ್ಲ. ಹತ್ತಿರದ ಶಾಲೆಗೆ ಅವನ ಹೆಸರು ಹೋಗಿದೆ.

ಎದೆ ಬಿಗಿತ ಜಾಸ್ತಿಯಾದರೆ, ಬದುಕೇ ಬೇಡ ಅನ್ನಿಸಿದರೆ ತಡಮಾಡದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಟೀಚರ್‌ಗೆ ಅದು ಬೇಕಾಗಲಿಲ್ಲ. ಈಗ ಐದರವರೆಗೆ ನಿದ್ದೆ ಬರುತ್ತದೆ, ಎಲ್ಲ ದಿನವೂ ಅಲ್ಲ.

ನೆಂಟರಿಗೆ ಒಂದೇ ವಾಕ್ಯದ ಉತ್ತರ ಸಿದ್ಧಮಾಡಿಕೊಟ್ಟಿದ್ದೆ: "ಗಡಿ ಚೆಕ್‌ಪೋಸ್ಟ್‌ನಲ್ಲಿ ರಾತ್ರಿ ಪಾಳಿ ಮಾಡಿದ್ದೆ, ನಿಮಗೆ ಗೊತ್ತಿರಲಿಲ್ಲ." ಇನ್ನೂ ಹೇಳಿಲ್ಲವಂತೆ. ನೋಟ್‌ಬುಕ್ ಗಂಡನ ಕಣ್ಣಿಗೆ ಬಿದ್ದು, ಓದಬಹುದಾ ಎಂದು ಕೇಳಿದ್ದಾರೆ. ಕೊಡಲಾ ಮೇಡಂ ಎಂದು ನನ್ನನ್ನು ಕೇಳಿದರು. ಅದು ನಿಮಗೆ ಬಿಟ್ಟದ್ದು ಎಂದೆ.