ಸಂಕಲನದ ಮೇಜಿನಿಂದ: ಆನಾ ಕರೀನಾ ಕುರಿತು ನಿಮ್ಮ ಪ್ರಶ್ನೆಗಳು

ಕಳೆದ ತಿಂಗಳ ಅಂಕಣದಲ್ಲಿ ಆನಾ ಕರೀನಾ ಹೆಸರನ್ನು ಒಂದೇ ಒಂದು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೆ. ಉಳಿದ ಬರಹವನ್ನೆಲ್ಲ ಬಿಟ್ಟು ಆ ಒಂದು ಸಾಲನ್ನೇ ಹಿಡಿದುಕೊಂಡು ನೀವು ಪತ್ರ ಬರೆದಿದ್ದೀರಿ. ಅದು ನನಗೆ ತುಂಬ ಸಂತೋಷದ ಸಂಗತಿ. ಈ ಸಲದ ಪುಟ ಪೂರ್ತಿ ಅವರಿಗೇ. ಇಪ್ಪತ್ತೆರಡು ವರ್ಷ ಸಿನಿಮಾ ಸಂಕಲನದ ಮೇಜಿನ ಮುಂದೆ ಕೂತವಳು ನಾನು. ನಟರನ್ನು ನೋಡುವುದನ್ನು ಕಲಿತದ್ದು ಅಲ್ಲೇ, ಉತ್ತರಗಳೂ ಅಲ್ಲಿಂದಲೇ ಬಂದಿವೆ.

ಪ್ರಶ್ನೆ: ಆಕೆಯನ್ನು ಕೆಲವರು ಫ್ರೆಂಚ್ ನಟಿ ಎನ್ನುತ್ತಾರೆ, ಕೆಲವರು ಡೆನ್ಮಾರ್ಕಿನವರು ಎನ್ನುತ್ತಾರೆ. ಯಾವುದು ಸರಿ?
(ಕಾಲೇಜು ವಿದ್ಯಾರ್ಥಿನಿ)

ಎರಡೂ ಸರಿ. ಹುಟ್ಟಿದ್ದು 1940ರ ಸೆಪ್ಟೆಂಬರ್ 22ರಂದು ಡೆನ್ಮಾರ್ಕಿನಲ್ಲಿ, ಹಾನೆ ಕಾರಿನ್ ಬೇಯರ್ ಎಂಬ ಹೆಸರಿನಿಂದ. ಕೂಸಾಗಿದ್ದಾಗಲೇ ತಂದೆ ಮನೆ ಬಿಟ್ಟು ಹೋದರು. ಮೊದಲ ಕೆಲವು ವರ್ಷ ತಾಯಿಯ ಅಪ್ಪ ಅಮ್ಮನ ಹತ್ತಿರ, ಆಮೇಲೆ ಯಾರದೋ ಸಾಕುಮನೆಯಲ್ಲಿ, ಎಂಟರ ಹೊತ್ತಿಗೆ ಮರಳಿ ತಾಯಿಯ ಬಳಿಗೆ. ಹೀಗೆ ಕೈಯಿಂದ ಕೈಗೆ ದಾಟಿ ಬೆಳೆದ ಹುಡುಗಿ ಹದಿನೇಳಕ್ಕೆ ಮನೆ ಬಿಟ್ಟು, ದಾರಿಯಲ್ಲಿ ಹೋಗುವ ವಾಹನಗಳಿಗೆ ಕೈ ಅಡ್ಡ ಹಿಡಿಯುತ್ತ ಪ್ಯಾರಿಸ್ ಸೇರಿದಳು. ಕೈಯಲ್ಲಿ ದುಡ್ಡಿಲ್ಲ, ಬಾಯಲ್ಲಿ ಫ್ರೆಂಚ್ ಇಲ್ಲ.

ಸೇಂಟ್ ಜರ್ಮೇನ್ ಬಡಾವಣೆಯಲ್ಲಿ ಲೇ ದ್ಯೂ ಮಾಗೋ ಎಂಬ ಹೆಸರಾಂತ ಕೆಫೆ ಇದೆ. ಲೇಖಕರು, ಕಲಾವಿದರು ಗಂಟೆಗಟ್ಟಲೆ ಕೂರುತ್ತಿದ್ದ ಜಾಗ. ಅಲ್ಲಿ ಕೂತಿದ್ದ ಈಕೆಯ ಮುಂದೆ ಒಬ್ಬ ಹೆಂಗಸು ಬಂದು ನಿಂತು, ಫೋಟೋ ತೆಗೆಸಿಕೊಳ್ಳುತ್ತೀಯಾ ಎಂದು ಕೇಳಿದರು. ರೂಪದರ್ಶಿಯ ಕೆಲಸ ಶುರುವಾದದ್ದು ಹಾಗೆ. 'ಎಲ್' ಪತ್ರಿಕೆಯ ಚಿತ್ರೀಕರಣವೊಂದರಲ್ಲಿ ಹೆಸರಾಂತ ಉಡುಪು ವಿನ್ಯಾಸಕಿ ಕೊಕೊ ಶನೆಲ್ ಎದುರಾದರು. ಹೆಸರು ಕೇಳಿದರು, ಹುಡುಗಿ ಹೇಳಿದಳು. ಅದು ಬೇಡ, ಇನ್ನು ಮೇಲೆ ನೀನು ಆನಾ ಕರೀನಾ ಎಂದರು ಶನೆಲ್. ಹದಿನೇಳು ವರ್ಷ ಹೊತ್ತು ತಂದ ಹೆಸರು ಒಂದು ಮಾತಿಗೆ ಕಳಚಿ ಬಿತ್ತು. ಭಾಷೆಯನ್ನು ಆಕೆ ಕಲಿತದ್ದು ಚಿತ್ರಮಂದಿರದ ಕತ್ತಲಲ್ಲಿ, ಸಿನಿಮಾ ನೋಡಿ ನೋಡಿ. ಆ ಫ್ರೆಂಚಿನಲ್ಲಿ ಡೇನಿಶ್ ನಾಲಿಗೆಯ ಎಳೆ ಕೊನೆಯವರೆಗೂ ಉಳಿಯಿತು. ಗಮನವಿಟ್ಟು ಕೇಳಿ, ಆ ಎಳೆಯೇ ಆಕೆಯ ಮಾತನ್ನು ಚಂದ ಮಾಡಿದೆ.

ಪ್ರಶ್ನೆ: ನಾನು ಜಾಹೀರಾತುಗಳಲ್ಲಿ ರೂಪದರ್ಶಿ. ರೂಪದರ್ಶಿಗಳಿಗೆ ನಟನೆ ಬರುವುದಿಲ್ಲ, ಬರೀ ಮುಖ ಎಂದು ಎದುರಿಗೇ ಹೇಳುತ್ತಾರೆ. ಕರೀನಾ ಕೂಡ ರೂಪದರ್ಶಿಯಾಗಿದ್ದವರಲ್ಲವೇ?
(ಇಪ್ಪತ್ತೊಂದರ ಯುವತಿ)

ಹಾಗೆ ಹೇಳುವವರು ಕ್ಯಾಮೆರಾದ ಮುಂದೆ ಸುಮ್ಮನೆ ನಿಂತು ನೋಡಲಿ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು ಕೆನ್ನೆಗೇ ಗೊತ್ತಾಗಬೇಕು. ಗಲ್ಲವನ್ನು ಒಂದು ಬೆರಳಿನಷ್ಟು ತಿರುಗಿಸಿದರೆ ಮುಖದ ಅರ್ಥವೇ ಬೇರೆಯಾಗುತ್ತದೆ ಎಂಬುದು ಮೈಗೆ ತಿಳಿದಿರಬೇಕು. ಸ್ಥಿರಚಿತ್ರದ ಕೆಲಸ ಕರೀನಾಗೆ ಕಲಿಸಿದ್ದು ಇದನ್ನೇ.

ನಿಮಗೆ ಬೇಕಾದ ಇನ್ನೊಂದು ಸಂಗತಿಯೂ ಇದರಲ್ಲಿದೆ. ನಿರ್ದೇಶಕ ಜಾನ್-ಲೂಕ್ ಗೊದಾರ್ ಆಕೆಯನ್ನು ಮೊದಲು ಕಂಡದ್ದು ಪಾಮೋಲಿವ್ ಸಾಬೂನಿನ ಜಾಹೀರಾತಿನಲ್ಲಿ, ಕುತ್ತಿಗೆವರೆಗೆ ನೊರೆಯಲ್ಲಿ ಮುಳುಗಿದ್ದಾಗ. ತಮ್ಮ ಮೊದಲ ಚಿತ್ರದಲ್ಲಿ ಒಂದು ಚಿಕ್ಕ ಪಾತ್ರ ಕೊಡುತ್ತೇನೆ, ಅದರಲ್ಲಿ ಬಟ್ಟೆ ಕಳಚಬೇಕು ಎಂದರು. ಆಕೆ ಒಲ್ಲೆ ಎಂದಳು. ಜಾಹೀರಾತಿನಲ್ಲಿ ಹಾಗೇ ಇದ್ದೆಯಲ್ಲ ಎಂದು ಕೇಳಿದ್ದಕ್ಕೆ, ನೊರೆಯ ಕೆಳಗೆ ನಾನು ಈಜುಡುಪು ತೊಟ್ಟಿದ್ದೆ, ಬೆತ್ತಲೆ ಎಂದು ಕಂಡದ್ದು ನಿಮ್ಮ ಕಣ್ಣಿಗೆ ಎಂಬ ಅರ್ಥದ ಉತ್ತರ ಕೊಟ್ಟಳು. ಹಣವಿಲ್ಲದ, ಪರಭಾಷೆಯ, ಇನ್ನೂ ಇಪ್ಪತ್ತು ತುಂಬದ ಹುಡುಗಿ ಆಡಿದ ಮಾತು ಇದು. ಆ ಪಾತ್ರ ಹೋಯಿತು. ಕೆಲವೇ ತಿಂಗಳಲ್ಲಿ ಅದೇ ನಿರ್ದೇಶಕರು ಮುಂದಿನ ಚಿತ್ರಕ್ಕೆ ನಾಯಕಿಯಾಗಿ ಕರೆದರು. ಆಗಿನ ಕಾನೂನಿನ ಪ್ರಕಾರ ಇಪ್ಪತ್ತೊಂದಾಗದವರು ಒಪ್ಪಂದಕ್ಕೆ ತಾವೇ ಸಹಿ ಹಾಕುವಂತಿರಲಿಲ್ಲ, ತಾಯಿ ಬಂದು ಹಾಕಬೇಕಾಯಿತು.

ನಿಮಗೂ 'ಒಲ್ಲೆ' ಎನ್ನುವ ಸಂದರ್ಭ ಬಂದೀತು. ಆ ಹೊತ್ತಿಗೆ ಈ ಹುಡುಗಿ ನೆನಪಿಗೆ ಬರಲಿ ಎಂದೇ ಇಷ್ಟು ಬರೆದೆ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ. ಕರೀನಾ ಎಂದರೆ ಗೊದಾರ್ ಕಡೆದ ಶಿಲ್ಪ. ಅವರನ್ನು ಕಳೆದರೆ ಈಕೆಯಲ್ಲಿ ಏನು ಉಳಿಯುತ್ತದೆ?
(ನಿವೃತ್ತ ಉಪನ್ಯಾಸಕರು)

ನೀವು ನೇರವಾಗಿ ಕೇಳಿದ್ದೀರಿ, ನಾನೂ ನೇರವಾಗಿಯೇ ಹೇಳುತ್ತೇನೆ. ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ.

ಇಬ್ಬರೂ ಸೇರಿ ಏಳು ಪೂರ್ಣಪ್ರಮಾಣದ ಚಿತ್ರ ಮಾಡಿದರು: 'ಲ ಪೆತೀ ಸೋಲ್ದಾ', 'ಉನ್ ಫಾಮ್ ಎ ಉನ್ ಫಾಮ್', 'ವಿವ್ರ್ ಸಾ ವೀ', 'ಬಾಂದ್ ಆ ಪಾರ್', 'ಆಲ್ಫಾವಿಲ್', 'ಪಿಯೆರೊ ಲ ಫೂ', 'ಮೇಡ್ ಇನ್ ಯುಎಸ್ಎ'. ಎಲ್ಲವೂ 1960ರಿಂದ 1966ರ ಒಳಗೆ ತಯಾರಾದವು. ಆಕೆ 'ಸ್ಫೂರ್ತಿದೇವತೆ'ಯಾದದ್ದು ಇವುಗಳಿಂದಲೇ. ಆ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ದೇವತೆ ಪೀಠದ ಮೇಲೆ ಕೂರುತ್ತಾಳೆ, ಕೆಲಸ ಮಾಡುವವರು ಬೇರೆಯವರು. ಇಲ್ಲಿ ಬೆಳಗಿನಿಂದ ಸಂಜೆವರೆಗೆ ದುಡಿದವಳು ಆಕೆ.

ದೃಶ್ಯದ ಮಾತುಗಳು ಅನೇಕ ಸಲ ಅದೇ ದಿನ ಬೆಳಿಗ್ಗೆ ಕೈಸೇರುತ್ತಿದ್ದವು. ಕಲಿತು ಎರಡು ಮೂರು ವರ್ಷವಾದ ಭಾಷೆಯಲ್ಲಿ ಅವನ್ನು ಬಾಯಿಪಾಠ ಮಾಡಿ, ಆಗಷ್ಟೇ ಹೊಳೆದ ಮಾತಿನಂತೆ ಆಡಬೇಕು. 'ಉನ್ ಫಾಮ್ ಎ ಉನ್ ಫಾಮ್'ನಲ್ಲಿ ಆಕೆ ಬಾಣಲೆಯ ಮೊಟ್ಟೆಯನ್ನು ಮೇಲಕ್ಕೆ ಹಾರಿಸಿ, ಫೋನಿನಲ್ಲಿ ಮಾತಾಡಲು ಹೋಗಿ, ತಿರುಗಿ ಬಂದು ಅದೇ ಮೊಟ್ಟೆಯನ್ನು ಹಿಡಿಯುತ್ತಾಳೆ. ಮೊಟ್ಟೆಯನ್ನು ಅಷ್ಟು ಹೊತ್ತು ಗಾಳಿಯಲ್ಲಿ ನಿಲ್ಲಿಸಿದ್ದು ಸಂಕಲನ. ನಾವು ಅದನ್ನು ನಂಬುವಂತೆ ಮಾಡಿದ್ದು ಮಾತ್ರ ಆಕೆಯ ಗಾಂಭೀರ್ಯ. ಒಂದು ಕ್ಷಣ ಕಣ್ಣು ಮಿಟುಕಿಸಿ 'ಇದು ಆಟ' ಎಂದು ಸೂಚಿಸಿದ್ದರೂ ಆ ತಮಾಷೆ ನೆಲಕ್ಕೆ ಬೀಳುತ್ತಿತ್ತು. ಆ ಪಾತ್ರಕ್ಕಾಗಿ 1961ರಲ್ಲಿ ಬರ್ಲಿನ್ ಚಿತ್ರೋತ್ಸವ ಆಕೆಗೆ ಅತ್ಯುತ್ತಮ ನಟಿಯ 'ಬೆಳ್ಳಿ ಕರಡಿ' ಪ್ರಶಸ್ತಿ ಕೊಟ್ಟಿತು. ಆಗ ವಯಸ್ಸು ಇಪ್ಪತ್ತು.

ಮರುವರ್ಷ 'ವಿವ್ರ್ ಸಾ ವೀ', ಹನ್ನೆರಡು ತುಣುಕುಗಳಲ್ಲಿ ಹೇಳಿದ ಕಥೆ. ನಾನಾ ಎಂಬ ಹೆಣ್ಣು ಹಣದ ಮುಗ್ಗಟ್ಟಿನಿಂದ ಮೈ ಮಾರಿಕೊಳ್ಳಲು ಬೀದಿಗಿಳಿಯುತ್ತಾಳೆ. ಮೊದಲ ತುಣುಕು ಶುರುವಾಗುವುದೇ ಆಕೆಯ ಬೆನ್ನಿನಿಂದ. ಕೆಫೆಯಲ್ಲಿ ಗಂಡನ ಜೊತೆ ಮಾತು ನಡೆದಿದೆ, ನಮಗೆ ಕಾಣುವುದು ಕತ್ತರಿಸಿದ ಕಪ್ಪು ಕೂದಲು, ಹಿಂಗತ್ತು, ದೂರದ ಕನ್ನಡಿಯಲ್ಲಿ ಮಸುಕಾಗಿ ಮುಖ. ಮುಖವನ್ನೇ ನಂಬಿ ಬದುಕಿದ ರೂಪದರ್ಶಿಯಿಂದ ಮುಖವನ್ನು ಕಿತ್ತುಕೊಂಡು ನಟಿಸು ಎಂದರೆ ಹೇಗೆ? ಆಕೆ ಭುಜದಲ್ಲಿ ನಟಿಸಿದಳು.

ಅದೇ ಚಿತ್ರದಲ್ಲಿ, ನಿರ್ದೇಶಕ ಡ್ರೆಯರ್ 1928ರಲ್ಲಿ ಮಾಡಿದ ಜೋನ್ ಆಫ್ ಆರ್ಕ್ ಮೂಕಿಚಿತ್ರವನ್ನು ನಾನಾ ನೋಡುವ ದೃಶ್ಯವಿದೆ. ಪರದೆಯ ಮೇಲೆ ತನ್ನ ಸಾವಿನ ಸುದ್ದಿ ಕೇಳುತ್ತಿರುವ ಜೋನ್, ಆ ಪಾತ್ರದ ನಟಿ ಫಾಲ್ಕೊನೆಟ್ಟಿಯ ಮುಖ, ಇತ್ತ ಕತ್ತಲಲ್ಲಿ ಕೂತ ಕರೀನಾ ಮುಖ. ಶಬ್ದವೇ ಇಲ್ಲ. ಕಣ್ಣು ತುಂಬಿ ನೀರು ಕೆನ್ನೆಗಿಳಿಯುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ದಿನಗಳಲ್ಲಿ ಈ ದೃಶ್ಯವನ್ನು ನಾನು ಒಂದೊಂದೇ ಫ್ರೇಮು ಸರಿಸಿ ನೋಡಿದ್ದೇನೆ. ಜಗತ್ತಿನ ಅತಿ ದೊಡ್ಡ ಅಭಿನಯಗಳಲ್ಲಿ ಒಂದರ ಪಕ್ಕಕ್ಕೆ ಕತ್ತರಿಸಿ ಜೋಡಿಸಿದ ಮುಖ ಅದು. ಸುಳ್ಳಾಗಿದ್ದರೆ ಆ ಜೋಡಣೆಯೇ ಬಯಲು ಮಾಡುತ್ತಿತ್ತು. ಹುಬ್ಬು ಗಂಟಿಕ್ಕಿಲ್ಲ, ತುಟಿ ನಡುಗಿಲ್ಲ. ಅಳಲು ಹೊರಟವರು ಹಾಗಿರುವುದಿಲ್ಲ, ನೋಡುತ್ತ ನೋಡುತ್ತ ತಮಗೆ ತಿಳಿಯದೆ ಅತ್ತವರು ಹಾಗಿರುತ್ತಾರೆ. ಡ್ರೆಯರ್ ಕೂಡ ಡೆನ್ಮಾರ್ಕಿನವರೇ. ಪ್ಯಾರಿಸ್ಸಿನ ಕತ್ತಲಲ್ಲಿ ಕೂತು ತನ್ನ ನಾಡಿನವನ ಚಿತ್ರ ನೋಡುತ್ತಿರುವ ಹುಡುಗಿ ಎಂದುಕೊಂಡು ಇನ್ನೊಮ್ಮೆ ನೋಡಿ ಸರ್, ಆಮೇಲೆ ಉಳಿಯಿತೇ ಇಲ್ಲವೇ ನನಗೆ ಬರೆಯಿರಿ.

ಪ್ರಶ್ನೆ: ಅವರಿಬ್ಬರ ದಾಂಪತ್ಯ ಏಕೆ ಮುರಿಯಿತು?
(ಹೆಸರು ಬೇಡ ಎಂದ ಓದುಗರು)

ಮದುವೆ 1961ರಲ್ಲಿ. ಅದೇ ವರ್ಷ ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡರು. ಗಂಡ ಸಿಗರೇಟು ತರುತ್ತೇನೆಂದು ಹೊರಗೆ ಹೋದವರು ಮೂರು ವಾರ ಬಿಟ್ಟು ಬಂದರು ಎಂದು ಆಕೆ ಮುಂದೆ ಅನೇಕ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. 1965ರ ಹೊತ್ತಿಗೆ ವಿಚ್ಛೇದನ ಮುಗಿದಿತ್ತು. 'ಪಿಯೆರೊ ಲ ಫೂ' ಚಿತ್ರೀಕರಣ ಆದದ್ದು ಇದೇ ಕಾಲದಲ್ಲಿ. ದಕ್ಷಿಣ ಫ್ರಾನ್ಸಿನ ಕಡಲ ತಡಿಯಲ್ಲಿ ಬೇಸರವಾಗಿದೆ, ಏನು ಮಾಡಲಿ ಎಂದು ಗುನುಗುತ್ತ ನಡೆಯುವ ಆಕೆಯನ್ನು ನೋಡುವಾಗ ಇದು ನೆನಪಾಗದೆ ಇರುವುದಿಲ್ಲ. 1987ರಲ್ಲಿ ಫ್ರೆಂಚ್ ಟಿವಿ ಕಾರ್ಯಕ್ರಮವೊಂದು ಇಬ್ಬರನ್ನೂ ಎದುರುಬದುರು ಕೂರಿಸಿತು, ಆಕೆ ಕಣ್ಣೀರಿನೊಂದಿಗೆ ಎದ್ದು ಹೋದರು. ಇದಕ್ಕಿಂತ ಹೆಚ್ಚು ಕೆದಕಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ಅವರ ಚಿತ್ರಗಳನ್ನು ಸರ್ಕಾರ ನಿಷೇಧಿಸಿತ್ತು ಎಂದು ಕೇಳಿದ್ದೆ. ಫ್ರಾನ್ಸಿನಲ್ಲೂ ಹೀಗೆ ನಡೆಯುತ್ತಿತ್ತೇ?
(ಕಾನೂನು ವಿದ್ಯಾರ್ಥಿ)

ನಡೆಯುತ್ತಿತ್ತು, ಅದೂ ಎರಡು ಸಲ. ನಾಯಕಿಯಾಗಿ ಮಾಡಿದ ಮೊದಲ ಫ್ರೆಂಚ್ ಚಿತ್ರ 'ಲ ಪೆತೀ ಸೋಲ್ದಾ' 1960ರಲ್ಲಿ ಜಿನೀವಾದಲ್ಲಿ ತಯಾರಾಯಿತು. ಫ್ರಾನ್ಸ್ ಆಗ ತನ್ನ ವಸಾಹತು ಅಲ್ಜೀರಿಯಾದಲ್ಲಿ ನಡೆಸುತ್ತಿದ್ದ ಯುದ್ಧ, ಅದರಲ್ಲಿ ನಡೆದ ಚಿತ್ರಹಿಂಸೆ ಎರಡೂ ಚಿತ್ರದಲ್ಲಿದ್ದವು. ಯುದ್ಧ ಮುಗಿಯುವವರೆಗೂ ಬಿಡಲಿಲ್ಲ, ಜನ ನೋಡಿದ್ದು 1963ರಲ್ಲಿ.

ಎರಡನೆಯದು ಜಾಕ್ ರಿವೆಟ್ ನಿರ್ದೇಶಿಸಿದ 'ಲಾ ರೆಲಿಜ್ಯೂಸ್'. ಮನಸ್ಸಿಲ್ಲದೆ ಕಾನ್ವೆಂಟಿಗೆ ದೂಡಲ್ಪಟ್ಟ ಹುಡುಗಿಯ ಕಥೆ, ಹದಿನೆಂಟನೇ ಶತಮಾನದಲ್ಲಿ ದಿದೆರೋ ಬರೆದದ್ದು. ಕರೀನಾ ಅದನ್ನು ಮೊದಲು ರಂಗದ ಮೇಲೆ ಮಾಡಿದ್ದರು. ಸಿನಿಮಾ ಆದಾಗ ಸೆನ್ಸಾರ್ ಸಮಿತಿ ಒಪ್ಪಿಗೆ ಕೊಟ್ಟಿತು. ಆದರೂ 1966ರಲ್ಲಿ ಮಾಹಿತಿ ಇಲಾಖೆಯ ಸಚಿವರು ತಡೆದರು. ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು, ಕಾನ್ ಉತ್ಸವದಲ್ಲಿ ಚಿತ್ರ ತೋರಿಸಲಾಯಿತು, ಮರುವರ್ಷ ಬಿಡುಗಡೆಯಾಯಿತು. ಗೊದಾರ್ ಶೈಲಿಯ ಆಟ, ಜಿಗಿತ ಯಾವುದೂ ಇಲ್ಲದ ಈ ಚಿತ್ರದಲ್ಲಿ ಕರೀನಾ ಬೇರೆಯೇ ನಟಿ. ಹಣೆ ಕೂದಲು ಎಲ್ಲ ಬಟ್ಟೆಯಲ್ಲಿ ಮುಚ್ಚಿದೆ, ಉಳಿದಿರುವುದು ಕಣ್ಣು ಬಾಯಿ ಅಷ್ಟೆ. ಮೇಲಿನ ಉಪನ್ಯಾಸಕರ ಪ್ರಶ್ನೆಗೆ ಇದು ನನ್ನ ಎರಡನೆಯ ಉತ್ತರ.

ಪ್ರಶ್ನೆ: ಆಕೆ ಹಾಡುತ್ತಿದ್ದರೇ?
(ಗೃಹಿಣಿ)

ಚೆನ್ನಾಗಿ ಹಾಡುತ್ತಿದ್ದರು. 1967ರಲ್ಲಿ ಸೆರ್ಜ್ ಗೇನ್ಸ್‌ಬೂರ್ಗ್ 'ಆನಾ' ಎಂಬ ಟಿವಿ ಸಂಗೀತಚಿತ್ರಕ್ಕೆ ಹಾಡು ಕಟ್ಟಿದರು. ಅದರ 'ಸೂ ಲ ಸೊಲೇಯ್ ಎಗ್ಸಾಕ್ತಮಾಂ' ಫ್ರಾನ್ಸಿನಲ್ಲಿ ಬಹಳ ಜನಪ್ರಿಯವಾಯಿತು. ತುಸು ಒರಟು, ಮಾತಿಗೆ ಹತ್ತಿರದ ದನಿ.

ಪ್ರಶ್ನೆ: 1966ರ ನಂತರ ಏನು ಮಾಡಿದರು? ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ.
(ಚಿತ್ರಸಮಾಜದ ಸದಸ್ಯೆ)

ನೀವು ಕೇಳಿದ್ದು ಒಳ್ಳೆಯದಾಯಿತು. ನಿರ್ದೇಶಕ ವಿಸ್ಕೊಂಟಿ 1967ರಲ್ಲಿ ಲೇಖಕ ಆಲ್ಬೇರ್ ಕಾಮೂ ಅವರ ಕಾದಂಬರಿಯನ್ನು ತೆರೆಗೆ ತಂದಾಗ ಮಾರ್ಚೆಲ್ಲೊ ಮಾಸ್ಟ್ರೊಯಾನಿ ಎದುರು ನಟಿಸಿದರು. ಜಾರ್ಜ್ ಕ್ಯೂಕರ್, ಶ್ಲೋಂಡೋರ್ಫ್, ಫಾಸ್‌ಬೈಂಡರ್ ಚಿತ್ರಗಳಲ್ಲಿ ಕೆಲಸ ಮಾಡಿದರು. ಕಾದಂಬರಿಗಳನ್ನೂ ಬರೆದರು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು 1973ರ 'ವಿವ್ರ್ ಆಂಸಾಂಬ್ಲ್'. ಬರವಣಿಗೆ, ನಿರ್ಮಾಣ, ನಿರ್ದೇಶನ, ಮುಖ್ಯಪಾತ್ರ ಎಲ್ಲವೂ ಆಕೆಯದೇ. ಪ್ಯಾರಿಸ್ ಮತ್ತು ನ್ಯೂಯಾರ್ಕ್‌ನಲ್ಲಿ ಕಡಿಮೆ ಹಣದಲ್ಲಿ ತೆಗೆದ, ಒಂದು ಜೋಡಿ ಒಟ್ಟಿಗೆ ಬಾಳಲು ಹೋಗಿ ಚೂರಾಗುವ ಕಥೆ. ನಟಿಯರು ಕ್ಯಾಮೆರಾದ ಹಿಂದೆ ನಿಲ್ಲುವುದೇ ಅಪರೂಪವಾಗಿದ್ದ ಕಾಲ. ಎರಡನೆಯ ಚಿತ್ರ 'ವಿಕ್ಟೋರಿಯಾ' ಬರಲು 2008ರವರೆಗೆ ಕಾಯಬೇಕಾಯಿತು. ನಡುವೆ ಮೂವತ್ತೈದು ವರ್ಷ. ಈ ಲೆಕ್ಕ ಬರೆಯುವಾಗ ನನಗೆ ಹೊಟ್ಟೆ ಸಂಕಟವಾಗುತ್ತದೆ. 2019ರ ಡಿಸೆಂಬರ್ 14ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ವಯಸ್ಸು 79.

ಪ್ರಶ್ನೆ: ನಾನು ಸಂಕಲನ ಕಲಿಯುತ್ತಿದ್ದೇನೆ. ಕರೀನಾ ನಟಿಸಿದ ಯಾವ ದೃಶ್ಯವನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಲಿ?
(ಚಲನಚಿತ್ರ ಶಾಲೆಯ ವಿದ್ಯಾರ್ಥಿ)

'ಬಾಂದ್ ಆ ಪಾರ್', 1964. ಕರೀನಾ ಮತ್ತು ಇಬ್ಬರು ಹುಡುಗರು ಲೂವ್ರ್ ವಸ್ತುಸಂಗ್ರಹಾಲಯವನ್ನು 9 ನಿಮಿಷ 43 ಸೆಕೆಂಡಿನಲ್ಲಿ ಓಡಿ ಮುಗಿಸುವ ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ, ನೀವು ಅದನ್ನು ಬಿಡಿ. ಕೆಫೆಯ ಕುಣಿತವನ್ನು ತೆಗೆದುಕೊಳ್ಳಿ. ಮೂವರು ಸಾಲಾಗಿ ನಿಂತು ಮ್ಯಾಡಿಸನ್ ಎಂಬ ಕುಣಿತ ಕುಣಿಯುತ್ತಾರೆ. ಕ್ಯಾಮೆರಾ ಅವರನ್ನು ತಲೆಯಿಂದ ಕಾಲಿನವರೆಗೆ ಹಿಡಿದು ನೋಡುತ್ತದೆ, ಕತ್ತರಿ ಕೈಹಾಕುವುದೇ ಇಲ್ಲ. ನಡುನಡುವೆ ಸಂಗೀತ ಥಟ್ಟನೆ ನಿಂತು ನಿರೂಪಕರ ದನಿ ಬರುತ್ತದೆ, ಆಗ ಹೆಜ್ಜೆ ಮತ್ತು ಚಪ್ಪಾಳೆಯ ಸದ್ದು ಮಾತ್ರ ಉಳಿಯುತ್ತದೆ. ಮೊದಲು ಶಬ್ದ ತೆಗೆದು ನೋಡಿ, ಬಳಿಕ ಚಿತ್ರ ಮುಚ್ಚಿ ಕೇಳಿ. ತಾಳ ಯಾರ ಮೈಯಲ್ಲಿದೆ ಎಂದು ಗೊತ್ತಾಗುತ್ತದೆ. ಕೊನೆಗೆ ಇಬ್ಬರು ಹುಡುಗರೂ ಒಬ್ಬೊಬ್ಬರಾಗಿ ಸಾಲು ಬಿಟ್ಟು ಹೋಗುತ್ತಾರೆ. ಆಕೆ ನಿಲ್ಲಿಸುವುದಿಲ್ಲ. ನೀವಾಗಿದ್ದರೆ ಎಲ್ಲಿ ಕತ್ತರಿಸುತ್ತಿದ್ದಿರಿ ಎಂದು ಗುರುತು ಹಾಕಿ ಕಳಿಸಿ, ನನ್ನ ಗುರುತಿನ ಜೊತೆ ಹೋಲಿಸಿ ನೋಡುತ್ತೇನೆ.