ತೂರಾಡುವ ಮರಿಯನ್ನು ಸಾಕಬಹುದೇ?

ಸಾಗರದ ಓದುಗರೊಬ್ಬರ ಪತ್ರ: ಹಿತ್ತಿಲಲ್ಲಿ ಸಿಕ್ಕ ಎರಡೂವರೆ ತಿಂಗಳ ಬೆಕ್ಕಿನ ಮರಿ ನಡೆಯುವಾಗ ತೂರಾಡುತ್ತದೆ, ತಲೆ ನಡುಗಿಸುತ್ತದೆ. ಹುಟ್ಟುವಾಗಲೇ ಮೆದುಳಿನ ಹಿಂಭಾಗವಾದ ಅನುಮಸ್ತಿಷ್ಕ ಸರಿಯಾಗಿ ಬೆಳೆದಿಲ್ಲ ಎಂದು ಪಶುವೈದ್ಯರು ಹೇಳಿದ್ದಾರೆ. ‘ನರಳುವ ಜೀವವನ್ನು ಯಾಕೆ ಇಟ್ಟುಕೊಳ್ಳುವುದು, ನಮ್ಮ ಬೆಕ್ಕಿಗೂ ಅಂಟಿದರೆ?’ ಎಂಬುದು ಅತ್ತೆಯವರ ಚಿಂತೆ.

ಸಂಪಾದಕರ ಉತ್ತರ:

ಸಹೋದರಿ, ಖಂಡಿತ ಸಾಕಿ. ಅತ್ತೆಯವರ ಮಾತಿನಲ್ಲಿರುವುದು ಕರುಣೆಯೇ ಆದ್ದರಿಂದ ಮೊದಲು ಅವರಿಗೆ ಉತ್ತರಿಸುತ್ತೇನೆ: ಮರಿ ನರಳುತ್ತಿಲ್ಲ. ತಾಯಿ ಬೆಕ್ಕಿಗೆ ಬಸಿರಿನಲ್ಲಿ ಪ್ಯಾನ್‌ಲ್ಯುಕೋಪೀನಿಯಾ ವೈರಾಣು ತಗಲಿದರೆ, ನಡಿಗೆಯ ಹದವನ್ನೂ ಸಮತೋಲವನ್ನೂ ನೋಡಿಕೊಳ್ಳುವ ಅನುಮಸ್ತಿಷ್ಕ ಮರಿಯಲ್ಲಿ ಪೂರ್ತಿ ಬೆಳೆಯದೆ ಉಳಿಯುವುದುಂಟು. ಆ ಕೊರತೆ ವಯಸ್ಸಾದಂತೆ ಹೆಚ್ಚುವುದಿಲ್ಲ, ನೋವು ಕೊಡುವುದಿಲ್ಲ, ಆಯುಷ್ಯವನ್ನೂ ಕಡಿಮೆ ಮಾಡುವುದಿಲ್ಲ. ಅದಕ್ಕೆ ಔಷಧಿಯೂ ಇಲ್ಲ, ಬೇಕಾಗಿಯೂ ಇಲ್ಲ.

ನಮ್ಮ ಮನೆಯಲ್ಲಿ ಇಂಥದೇ ಬೆಕ್ಕೊಂದು 11 ವರ್ಷ ಬಾಳಿತು. ಮೀನಿನ ತಟ್ಟೆಗೆ ಮೂತಿ ಹತ್ತಿರವಾದಷ್ಟೂ ಅದರ ತಲೆ ಜೋರಾಗಿ ನಡುಗುತ್ತಿತ್ತು. ತಿಂದು ಗೋಣಿಯ ಮೇಲೆ ಮಲಗಿದರೆ ನಡುಕದ ಸುಳಿವೇ ಇರುತ್ತಿರಲಿಲ್ಲ. ಏನನ್ನಾದರೂ ಮಾಡಹೊರಟಾಗ ಮಾತ್ರ ಕಾಣಿಸಿಕೊಳ್ಳುವುದು ಈ ನಡುಕದ ಗುಣ.

ತೂರಾಟ ಅಂಟುವುದಿಲ್ಲ, ಆದರೆ ಆ ವೈರಾಣು ಅಂಟುತ್ತದೆ ಮತ್ತು ನೆಲ, ಬಟ್ಟೆ, ಪಾತ್ರೆಗಳಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಹಾಗಾಗಿ ಮನೆಯ ಬೆಕ್ಕಿಗೆ ಲಸಿಕೆಯಾಗಿದೆಯೇ ಎಂದು ನೋಡಿಕೊಂಡು, ಆಗುವವರೆಗೆ ಮರಿಯನ್ನು ಬೇರೆ ಕೋಣೆಯಲ್ಲಿಡಿ. ಮನೆಯ ಬೆಕ್ಕು ಗಬ್ಬವಾಗಿದ್ದರೆ ಲಸಿಕೆ ಹಾಕಿಸುವ ಮೊದಲೇ ವೈದ್ಯರಿಗೆ ತಿಳಿಸಿ.

ನಿಜವಾಗಿ ಬದಲಾಗಬೇಕಾದದ್ದು ನಿಮ್ಮ ಮನೆ. ನುಣುಪಾದ ಟೈಲ್ಸ್ ಮೇಲೆ ಈ ಮರಿಯ ಕಾಲು ನಿಲ್ಲುವುದಿಲ್ಲ, ಅದು ಓಡಾಡುವ ದಾರಿಯುದ್ದಕ್ಕೂ ಒರಟು ಚಾಪೆ ಹಾಸಿ. ಉಗುರೇ ಅದರ ಹಿಡಿತ, ತೀರಾ ಕತ್ತರಿಸಬೇಡಿ. ತಟ್ಟೆ ಭಾರದ್ದಿರಲಿ. ಮರಳಿನ ತೊಟ್ಟಿಯ ಮೂರು ಬದಿ ಎತ್ತರವಿದ್ದರೆ ಮರಿ ಅದಕ್ಕೆ ಒರಗಿ ನಿಲ್ಲುತ್ತದೆ. ಹೊರಗೆ ಒಂಟಿಯಾಗಿ ಬಿಡಲೇಬೇಡಿ, ನಾಯಿ ಅಟ್ಟಿಸಿಕೊಂಡು ಬಂದರೆ ಅದು ಮರ ಹತ್ತಿ ತಪ್ಪಿಸಿಕೊಳ್ಳಲಾರದು. ನಿಮ್ಮ ಹಿತ್ತಿಲಲ್ಲಿ ಬಾವಿಯಿದ್ದರೆ ಮರಿ ಒಳಬರುವ ಮೊದಲೇ ಅದಕ್ಕೆ ಬಲೆ ಹಾಕಿಸಿ.

ಒಂದು ಎಚ್ಚರಿಕೆ: ತೂರಾಟ ದಿನೇದಿನೇ ಹೆಚ್ಚುತ್ತಿದ್ದರೆ, ಮರಿ ಊಟ ಬಿಟ್ಟರೆ, ಅದು ಬೇರೆಯೇ ಕಾಯಿಲೆ, ತಡಮಾಡದೆ ಮತ್ತೆ ವೈದ್ಯರಲ್ಲಿಗೆ ಒಯ್ಯಿರಿ.